ಮಿರ್ಚಿ ಕರಿದ ಎಣ್ಣೆಯಲ್ಲಿ ಲಾರಿ ಎಷ್ಟು ದಿನ ಓಡೀತು?

ಸಂಜೆ ನಾಲ್ಕು ದಾಟಿತೆಂದರೆ ಪಾಮನಕಲ್ಲೂರಿನಿಂದ ಮಸ್ಕಿಯವರೆಗೆ, ಮಸ್ಕಿಯಿಂದ ಸಿಂಧನೂರಿನವರೆಗೆ, ನಾಲ್ಕು ಜನ ನಿಲ್ಲುವ ಪ್ರತಿ ಕ್ರಾಸಿನಲ್ಲೂ ಬಾಣಲೆ ಕಾಯತೊಡಗುತ್ತದೆ. ಮಂಡಾಳು ಒಗ್ಗರಣಿ, ಅದರ ಮಗ್ಗುಲಿಗೆ ಬಿಸಿ ಮಿರ್ಚಿ: ರಾಯಚೂರು ಜಿಲ್ಲೆಯ ಸಂಜೆಗೆ ಇವೆರಡೂ ಇರಲೇಬೇಕು. ರಾತ್ರಿ ಬಂಡಿ ಮುಚ್ಚುವಾಗ ತಳದಲ್ಲಿ ಉಳಿದ ಕಂದು ಎಣ್ಣೆ ಒಂದು ತಗಡಿನ ಡಬ್ಬಿ ಸೇರುತ್ತದೆ. ಅದೇ ಹೊತ್ತಿಗೆ ಎದುರಿನ ಹೆದ್ದಾರಿಯಲ್ಲಿ ಭತ್ತ, ಅಕ್ಕಿ, ಹತ್ತಿ ಹೇರಿಕೊಂಡ ಲಾರಿಗಳು ಲೀಟರಿಗೆ ತೊಂಬತ್ತು ರೂಪಾಯಿ ಆಸುಪಾಸಿನ ಡೀಸೆಲ್ ಕುಡಿಯುತ್ತ ಸಾಗುತ್ತಿರುತ್ತವೆ. ಡಬ್ಬಿ ಒಂದು ಕಡೆ, ಟ್ಯಾಂಕು ಇನ್ನೊಂದು ಕಡೆ. ಇದನ್ನು ಅದಕ್ಕೆ ಸುರಿದರೆ ಹೇಗೆ ಎಂಬ ಯೋಚನೆ ಯಾವ ಲಾರಿ ಮಾಲೀಕನಿಗಾದರೂ ಒಮ್ಮೆ ಬಂದೇ ಬರುತ್ತದೆ.

ಸುರಿದರೆ ಲಾರಿ ಓಡುತ್ತದೆ. ಎಲ್ಲ ತೊಂದರೆಯೂ ಶುರುವಾಗುವುದು ಇಲ್ಲಿಂದಲೇ. ಪೆಟ್ರೋಲ್ ಗಾಡಿಗೆ ಅಡುಗೆ ಎಣ್ಣೆ ಹಾಕಿದರೆ ಅದು ನಾಲ್ಕು ಹೆಜ್ಜೆ ಹೋಗಿ ನಿಂತುಬಿಡುತ್ತದೆ, ಪಾಠ ಅಲ್ಲಿಗೇ ಮುಗಿಯುತ್ತದೆ. ಡೀಸೆಲ್ ಎಂಜಿನ್ ಹಾಗಲ್ಲ. ಗಾಳಿಯನ್ನು ಒತ್ತಿ ಒತ್ತಿ ಐನೂರು ಡಿಗ್ರಿಗೂ ಮೇಲೆ ಬಿಸಿ ಮಾಡಿ, ಆ ಬಿಸಿಗೇ ಇಂಧನ ತಾನಾಗಿ ಹೊತ್ತಿಕೊಳ್ಳುವಂತೆ ಮಾಡುವ ಯಂತ್ರ ಅದು. ಅಷ್ಟು ಕಾವಿಗೆ ಶೇಂಗಾ ಎಣ್ಣೆಯೂ ಹೊತ್ತುತ್ತದೆ, ಪಾಮೋಲಿನ್ನೂ ಹೊತ್ತುತ್ತದೆ. ಮೊದಲ ದಿನ ಗಾಡಿ ಎಳೆಯುತ್ತದೆ, ಹೊಗೆಯಲ್ಲಿ ಬಜ್ಜಿಯ ಘಮ ಬರುತ್ತದೆ. ಚಾಲಕ ನಗುತ್ತಾನೆ, ಮಾಲೀಕ ಲೆಕ್ಕ ಹಾಕುತ್ತಾನೆ. ಎಂಜಿನ್ನಿನ ಒಳಗೆ ನಡೆಯುತ್ತಿರುವುದು ಇಬ್ಬರಿಗೂ ಕಾಣುವುದಿಲ್ಲ.

ಈ ಯೋಚನೆ ಎಂಜಿನ್ನಿನಷ್ಟೇ ಹಳೆಯದು. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ ಶೇಂಗಾ ಎಣ್ಣೆಯಿಂದ ಓಡಿತು. ಓಡಿಸಿದ್ದು ಓಟ್ಟೊ ಕಂಪನಿ, ಓಡಿಸಲು ಹೇಳಿದ್ದು ಫ್ರೆಂಚ್ ಸರ್ಕಾರ. ಆಫ್ರಿಕಾದ ತನ್ನ ವಸಾಹತುಗಳಲ್ಲಿ ಶೇಂಗಾ ಬೆಳೆಯುತ್ತದೆ, ಕಲ್ಲಿದ್ದಲು ಸಾಗಿಸುವ ಖರ್ಚು ಉಳಿಯಲಿ ಎಂಬ ವ್ಯಾಪಾರದ ಬುದ್ಧಿ ಅದರ ಹಿಂದಿತ್ತು. ರುಡಾಲ್ಫ್ ಡೀಸೆಲ್ ಸ್ವತಃ ಇದನ್ನು 1912ರಲ್ಲಿ ನೆನಪಿಸಿಕೊಂಡ. ಪ್ರತಿವರ್ಷ ಆಗಸ್ಟ್ 10ರಂದು ವಿಶ್ವ ಜೈವಿಕ ಇಂಧನ ದಿನ ಆಚರಿಸುವಾಗ 1893ರ ಅದೇ ದಿನ ಡೀಸೆಲ್ ಶೇಂಗಾ ಎಣ್ಣೆಯಿಂದ ಎಂಜಿನ್ ಓಡಿಸಿದ ಎಂದು ಭಾಷಣಗಳಲ್ಲಿ ಹೇಳುವುದುಂಟು. ಆ ದಿನ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಮೊದಲ ಮಾದರಿಯನ್ನು ಪರೀಕ್ಷಿಸಿದ್ದು ನಿಜ. ಶೇಂಗಾ ಎಣ್ಣೆ ಬಂದದ್ದು ಮಾತ್ರ ಏಳು ವರ್ಷ ತಡವಾಗಿ. ಭಾಷಣಕಾರರನ್ನು ಕ್ಷಮಿಸೋಣ, ಕಥೆಗೆ ಒಂದು ತಾರೀಖು ಬೇಕಲ್ಲ.

ಕರ್ನಾಟಕದಲ್ಲೂ ಇಂಥದೊಂದು ಪ್ರಯೋಗ ನಡೆದಿದೆ, ಅದೂ ಗಂಭೀರವಾಗಿಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು 1990ರ ದಶಕದ ಕೊನೆಯಲ್ಲಿ ಹೊಂಗೆ ಎಣ್ಣೆಯ ಹಿಂದೆ ಬಿದ್ದರು. ಉತ್ತರ ಕರ್ನಾಟಕದ ಕೆಲವೆಡೆ ಹುಲಗಲ ಎಂದು ಕರೆಯುವ ಅದೇ ಮರ, ಹೊಲದ ಬದುವಿನಲ್ಲಿ ಯಾರೂ ನೀರುಣಿಸದಿದ್ದರೂ ಬೆಳೆದು ನಿಲ್ಲುವ ಮರ. ಬೀಜದ ತೂಕದಲ್ಲಿ ಸುಮಾರು ಮೂರರಲ್ಲೊಂದು ಪಾಲು ಎಣ್ಣೆ ಇರುತ್ತದೆ. ಹಳ್ಳಿಯ ಗಾಣಕ್ಕೆ ಕಾಲುಭಾಗ ಸಿಕ್ಕರೆ ಹೆಚ್ಚು. ತಿನ್ನಲು ಬಾರದ ಈ ಎಣ್ಣೆ ಹಿಂದೆ ದೀಪಕ್ಕೆ ಉರಿಯುತ್ತಿತ್ತು. ಶ್ರೀನಿವಾಸ ಅವರ ತಂಡ ಕಗ್ಗನಹಳ್ಳಿ ಎಂಬ ಊರಿನಲ್ಲಿ ಹೊಂಗೆ ಎಣ್ಣೆಯಿಂದಲೇ ಜನರೇಟರ್ ಓಡಿಸಿ, ಆ ಕರೆಂಟಿನಿಂದ ಕೊಳವೆಬಾವಿಯ ನೀರೆತ್ತಿ ಒಣಭೂಮಿಗೆ ಹರಿಸಿತು. ದಾಂಡೇಲಿ ಫೆರೊ ಅಲಾಯ್ಸ್ ಕಾರ್ಖಾನೆ ತನ್ನ ಐದೂ ಡೀಸೆಲ್ ಜನರೇಟರುಗಳನ್ನು ಹೊಂಗೆ ಎಣ್ಣೆಗೆ ಬದಲಿಸಿಕೊಂಡಿತು. 2001ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಶ್ರೀನಿವಾಸ ಅವರು ಈ ಅನುಭವವನ್ನು ಬರೆದರು. ಮುಂದೆ 2009ರಲ್ಲಿ ರಾಜ್ಯದ ಜೈವಿಕ ಇಂಧನ ನೀತಿ ಬಂತು; ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕು ಅದಕ್ಕೂ ಮೊದಲೇ ತಲೆಯೆತ್ತಿತ್ತು.

ಪಾಮನಕಲ್ಲೂರಿನ ಓದುಗನಿಗೆ ಕಗ್ಗನಹಳ್ಳಿಯ ಕಥೆ ದೂರದ್ದೆನಿಸಲಿಕ್ಕಿಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಇಲ್ಲಿನ ರೈತರು ತಿಂಗಳುಗಟ್ಟಲೆ ಧರಣಿ ಕೂತದ್ದು, 2021ರ ಮಸ್ಕಿ ಉಪಚುನಾವಣೆಯಲ್ಲಿ ಅದೇ ದೊಡ್ಡ ಮಾತಾದದ್ದು ಇನ್ನೂ ಹಸಿಯಾಗಿದೆ. ಕಾಲುವೆ ತಲುಪದ ಕಡೆ ನೀರೆಂದರೆ ಪಂಪು, ಪಂಪೆಂದರೆ ಕರೆಂಟು ಇಲ್ಲವೇ ಡೀಸೆಲ್. ಬದುವಿನ ಮರದ ಬೀಜದಿಂದ ಪಂಪು ಓಡೀತು ಎಂಬುದು ಅಂಥ ಊರಿಗೆ ಸಣ್ಣ ಸುದ್ದಿಯಲ್ಲ.

ಹಾಗಾದರೆ ಜನರೇಟರಿಗೆ ಸರಿಹೋದದ್ದು ಲಾರಿಗೇಕೆ ಆಗದು?

ಹೊಂಗೆಯ ಪ್ರಯೋಗದಲ್ಲಿ ಉರಿದದ್ದು ಬೀಜದಿಂದ ಹಿಂಡಿ ಸೋಸಿದ ಎಣ್ಣೆ, ಯಾರೂ ಅದರಲ್ಲಿ ಏನನ್ನೂ ಕರಿದಿರಲಿಲ್ಲ. ಎಂಜಿನ್ ಒಂದೇ ಕಡೆ ನಿಂತು, ಒಂದೇ ವೇಗದಲ್ಲಿ, ಹೆಚ್ಚುಕಡಿಮೆ ಒಂದೇ ಭಾರ ಹೊತ್ತು ಗಂಟೆಗಟ್ಟಲೆ ಓಡುತ್ತದೆ. ಅದರ ಹೊಟ್ಟೆ ಸದಾ ಬಿಸಿ. ಪಕ್ಕದಲ್ಲಿ ನೋಡಿಕೊಳ್ಳುವ ಜನ ಇರುತ್ತಾರೆ. ಲಾರಿಯ ಬದುಕು ಬೇರೆ. ಸುಗ್ಗಿಯಲ್ಲಿ ಸಿಂಧನೂರಿನ ರೈಸ್ ಮಿಲ್ಲುಗಳ ಮುಂದೆ ಭತ್ತದ ಲಾರಿಗಳ ಸಾಲು ನೋಡಿದವರಿಗೆ ಗೊತ್ತು: ಹತ್ತು ಮೀಟರ್ ಮುಂದಕ್ಕೆ, ಹತ್ತು ನಿಮಿಷ ನಿಂತು, ಎಂಜಿನ್ ಮಾತ್ರ ಗುರುಗುಟ್ಟುತ್ತಲೇ ಇರುತ್ತದೆ. ಸಸ್ಯಜನ್ಯ ಎಣ್ಣೆಗೆ ಇದಕ್ಕಿಂತ ಕೆಟ್ಟ ಪರಿಸ್ಥಿತಿ ಇನ್ನೊಂದಿಲ್ಲ. ಐಡ್ಲಿಂಗ್‌ನಲ್ಲಿ ಸಿಲಿಂಡರು ತಣ್ಣಗಾಗುತ್ತದೆ, ಎಣ್ಣೆ ಅರೆಬರೆ ಉರಿಯುತ್ತದೆ, ಉರಿಯದೆ ಉಳಿದದ್ದು ಗೋಡೆಗೆ ಅಂಟುತ್ತದೆ.

ಅರೆಬರೆ ಏಕೆ ಉರಿಯುತ್ತದೆ ಎಂದು ತಿಳಿಯಲು ನಾಜಲ್ಲಿನ ತುದಿಯನ್ನು ಹತ್ತಿರದಿಂದ ನೋಡಬೇಕು. ಲಾರಿ ರಿಪೇರಿಯವರ ಬಾಯಲ್ಲಿ ಇಂದಿಗೂ ಅದು ಮೈಕೊ ನಾಜಲ್. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೊ ಕಾರ್ಖಾನೆ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜುಗಳಲ್ಲಿ ಹಳೆಯ ಹೆಸರೇ ಉಳಿದಿದೆ. ಕಿರುಬೆರಳ ತುದಿಯಷ್ಟಿರುವ ಆ ಉಕ್ಕಿನ ಮೊನೆಯಲ್ಲಿ ಬರಿಗಣ್ಣಿಗೆ ಕಂಡೂ ಕಾಣದ ಐದಾರು ತೂತುಗಳಿರುತ್ತವೆ. ಒಂದೊಂದರ ಅಗಲ ಒಂದು ಮಿಲಿಮೀಟರಿನ ಐದು ಅಥವಾ ಏಳರಲ್ಲಿ ಒಂದು ಪಾಲು. ಇಂಧನ ಅಲ್ಲಿಂದ ನೂರಾರು, ಹೊಸ ಗಾಡಿಗಳಲ್ಲಿ ಸಾವಿರಾರು ವಾಯುಮಂಡಲದ ಒತ್ತಡದಲ್ಲಿ ಚಿಮ್ಮಿ ಮಂಜಿನಂತೆ ಒಡೆಯಬೇಕು. ಪ್ರತಿ ಹನಿಯೂ ಗಾಳಿಯೊಡನೆ ಬೆರೆತು ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲಿನೊಳಗೆ ಆವಿಯಾಗಿ ಹೊತ್ತಬೇಕು.

40 ಡಿಗ್ರಿ ಬಿಸಿಯಲ್ಲಿ ಡೀಸೆಲ್ಲಿನ ಸ್ನಿಗ್ಧತೆ, ಅಂದರೆ ದಪ್ಪತನ, 2ರಿಂದ 4.5 ಸೆಂಟಿಸ್ಟೋಕ್ಸ್ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಅದೇ ಬಿಸಿಯಲ್ಲಿ ಅಡುಗೆ ಎಣ್ಣೆಗಳದ್ದು 30ರಿಂದ 40. ಸುಮಾರು ಹತ್ತು ಪಟ್ಟು. ಹತ್ತು ಪಟ್ಟು ದಪ್ಪನೆಯ ದ್ರವ ಮಂಜಾಗಿ ಒಡೆಯುವುದಿಲ್ಲ. ದಪ್ಪ ಹನಿಗಳ ಧಾರೆಯಾಗಿ ನೇರ ಹೋಗಿ ಪಿಸ್ಟನ್ನಿಗೂ ಲೈನರಿಗೂ ಬಡಿಯುತ್ತದೆ. ಎಣ್ಣೆಯ ಅಣುವೂ ದೊಡ್ಡದು. ಮೂರು ಕೊಬ್ಬಿನಾಮ್ಲಗಳು ಒಂದು ಗ್ಲಿಸರಿನ್ನಿಗೆ ಜೋತುಬಿದ್ದಿರುವ ಈ ಅಣು ಡೀಸೆಲ್ಲಿನ ಅಣುವಿಗಿಂತ ಸುಮಾರು ನಾಲ್ಕು ಪಟ್ಟು ಭಾರ. ಆವಿಯಾಗುವ ಮೊದಲೇ ಅದು ಮುರಿದು ಕರಕಲಾಗುತ್ತದೆ. ಆ ಕರಕಲು ನಾಜಲ್ಲಿನ ತೂತುಗಳ ಬಾಯಿಯ ಸುತ್ತ ತುತ್ತೂರಿಯ ಆಕಾರದಲ್ಲಿ ಬೆಳೆಯುತ್ತದೆ. ಬೆಳೆದ ತುತ್ತೂರಿ ಮುಂದಿನ ಧಾರೆಯನ್ನು ಇನ್ನಷ್ಟು ಕೆಡಿಸುತ್ತದೆ, ಕೆಟ್ಟ ಧಾರೆ ಇನ್ನಷ್ಟು ಕರಕಲು ಕಟ್ಟುತ್ತದೆ. ಪಿಕಪ್ ಇಳಿಯಿತು, ಹೊಗೆ ಹೆಚ್ಚಿತು ಎಂದು ಚಾಲಕ ದೂರುವ ಹೊತ್ತಿಗೆ ಇದು ಎಷ್ಟೋ ಸುತ್ತು ನಡೆದಿರುತ್ತದೆ.

ಇಷ್ಟೂ ತಾಜಾ ಎಣ್ಣೆಯ ಕಥೆ. ಕರಿದ ಎಣ್ಣೆಯದ್ದು ಇನ್ನೊಂದು ಅಧ್ಯಾಯ.

ಬಜ್ಜಿ ಬಂಡಿಯ ಬಾಣಲೆಯ ಹೊರಮೈಯನ್ನು ಉಗುರಿನಿಂದ ಕೆರೆದು ನೋಡಿ. ಸೋಪಿಗೂ ಬಿಸಿನೀರಿಗೂ ಬಗ್ಗದ ಕಂದು ಮೆರುಗಿನ ಒಂದು ಪದರ ಕೈಗೆ ಸಿಗುತ್ತದೆ. ಅದು ಹಿಂದೊಮ್ಮೆ ಎಣ್ಣೆಯೇ ಆಗಿತ್ತು. ಕಾವು ಮತ್ತು ಗಾಳಿಯ ಆಮ್ಲಜನಕ ಸೇರಿ ಎಣ್ಣೆಯ ಅಣುಗಳನ್ನು ಒಂದಕ್ಕೊಂದು ಬೆಸೆದು ಪ್ಲಾಸ್ಟಿಕ್ಕಿನ ಜಾತಿಗೆ ಸೇರಿಸಿಬಿಟ್ಟಿವೆ. ಬಾಣಲೆಯ ಒಳಗೂ ಅದೇ ಕೆಲಸ ನಿಧಾನವಾಗಿ ನಡೆಯುತ್ತಿರುತ್ತದೆ. 170–190 ಡಿಗ್ರಿಯ ಎಣ್ಣೆಗೆ ಹಸಿ ಮೆಣಸಿನಕಾಯಿ ಬಿದ್ದಾಗ ಏಳುವ ನೊರೆಯೆಲ್ಲ ನೀರಿನ ಆವಿ. ಆ ನೀರು ಎಣ್ಣೆಯ ಅಣುವನ್ನು ಸೀಳಿ ಬಿಡಿ ಕೊಬ್ಬಿನಾಮ್ಲಗಳನ್ನು ಹೊರಹಾಕುತ್ತದೆ. ಅದರ ಜೊತೆಗೆ ಉಪ್ಪು, ಕಡಲೆಹಿಟ್ಟಿನ ಸುಟ್ಟ ಪುಡಿ, ಅರ್ಧ ಬೆಸೆದುಕೊಂಡ ದಪ್ಪ ಅಣುಗಳು. ಡಬ್ಬಿಗೆ ಸೇರುವುದು ಈ ಇಡೀ ಸಾರು.

ಲುಂಗಿ ಬಟ್ಟೆಯಲ್ಲಿ ಸೋಸಿದರೆ ಪುಡಿ ನಿಲ್ಲುತ್ತದಲ್ಲ ಎನ್ನಬಹುದು. ಕಣ್ಣಿಗೆ ಕಾಣುವ ಪುಡಿ ನಿಲ್ಲುತ್ತದೆ, ನಿಜ. ಆದರೆ ಹೊಸ ಲಾರಿಗಳ ಇಂಜೆಕ್ಟರಿನೊಳಗೆ ಚಲಿಸುವ ಬಿಡಿಭಾಗಗಳ ನಡುವಿನ ಸಂದು ಎರಡು ಮೂರು ಮೈಕ್ರಾನ್. ತಲೆಗೂದಲು ಎಪ್ಪತ್ತು ಮೈಕ್ರಾನಿನಷ್ಟು ದಪ್ಪ. ಬಟ್ಟೆಯ ಎಳೆಗಳ ನಡುವೆ ನುಸುಳಿದ ಹಿಟ್ಟಿನ ಕಣ ಅಲ್ಲಿ ಬಂಡೆಗಲ್ಲು. ಆಮ್ಲ, ಉಪ್ಪು, ನೀರು ಬಟ್ಟೆಗೆ ಸಿಗುವುದೇ ಇಲ್ಲ. ಬಿಡಿ ಕೊಬ್ಬಿನಾಮ್ಲ ತಾಮ್ರ, ಸತುವನ್ನು ಕೊರೆಯುತ್ತದೆ; ಕರಗಿದ ತಾಮ್ರ ಮತ್ತೆ ಎಣ್ಣೆಯನ್ನು ಇನ್ನೂ ಬೇಗ ಅಂಟಾಗಿಸುತ್ತದೆ. ಎಣ್ಣೆ ಬಿಸಿ ಮಾಡಲೆಂದು ತಾಮ್ರದ ಕೊಳವೆ ಸುತ್ತುವವರು ತಿಳಿಯದೆ ಇದಕ್ಕೇ ನೆರವಾಗುತ್ತಾರೆ.

ನಾಜಲ್ ಕಟ್ಟುವುದು, ಫಿಲ್ಟರ್ ಜಾಮ್ ಆಗುವುದು ತಲೆನೋವೇ ಹೊರತು ಪ್ರಾಣಾಪಾಯವಲ್ಲ. ನಿಜವಾದ ಗಂಡಾಂತರ ಕೆಳಗೆ, ಎಂಜಿನ್ ಆಯಿಲ್ ನಿಲ್ಲುವ ಸಂಪಿನಲ್ಲಿದೆ. ಉರಿಯದೆ ಗೋಡೆಗೆ ಬಡಿದ ಎಣ್ಣೆ ಪಿಸ್ಟನ್ ರಿಂಗುಗಳ ತೋಡಿನಲ್ಲಿ ಸೇರಿ ಅಂಟಾಗಿ, ರಿಂಗುಗಳನ್ನು ಅಲ್ಲಾಡದಂತೆ ಹಿಡಿದುಕೊಳ್ಳುತ್ತದೆ. ಕಂಪ್ರೆಷನ್ ಸೋರುತ್ತದೆ. ಇನ್ನಷ್ಟು ಎಣ್ಣೆ ರಿಂಗ್ ದಾಟಿ ಕೆಳಗಿಳಿದು ಎಂಜಿನ್ ಆಯಿಲ್ ಸೇರುತ್ತದೆ. ಡೀಸೆಲ್ ಹೀಗೆ ಇಳಿದರೆ ಸಂಪಿನ ಬಿಸಿಗೆ ಅಷ್ಟಿಷ್ಟು ಆವಿಯಾಗಿ ಹೋಗುತ್ತದೆ. ಅಡುಗೆ ಎಣ್ಣೆ ಹೋಗುವುದಿಲ್ಲ, ಅಲ್ಲೇ ಕೂರುತ್ತದೆ. ಆಮ್ಲ ತಡೆಯಲೆಂದು ಎಂಜಿನ್ ಆಯಿಲ್ಲಿಗೆ ಬೆರೆಸಿರುವ ಕ್ಯಾಲ್ಸಿಯಂ ಸಂಯುಕ್ತಗಳು ಕೊಬ್ಬಿನಾಮ್ಲದೊಡನೆ ಕೂಡಿ ಸಾಬೂನಾಗಿಬಿಡುತ್ತವೆ. ತಡೆಯುವ ಶಕ್ತಿ ಮುಗಿಯುವವರೆಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮುಗಿದ ಮೇಲೆ ಆಯಿಲ್ಲು ಕೆಲವೇ ಗಂಟೆಗಳಲ್ಲಿ ಹಲ್ವದಂತೆ ಗಟ್ಟಿಯಾಗಬಲ್ಲದು. ಆಯಿಲ್ ಪಂಪು ಅದನ್ನು ಎಳೆಯಲಾರದು, ಬೇರಿಂಗುಗಳು ಒಣಗುತ್ತವೆ, ಎಂಜಿನ್ ಸೀಜ್. ಘಾಟಿಯಲ್ಲಿ ಹೇರು ಹೊತ್ತು ಇಳಿಯುವಾಗ ಇದಾದರೆ ಮಾತು ಬರೀ ದುರಸ್ತಿ ಖರ್ಚಿನದಲ್ಲ.

ಇದು ಯಾರೋ ಹೆದರಿಸಲು ಕಟ್ಟಿದ ಕಥೆ ಎನ್ನುವವರಿಗೆ ಹಳೆಯ ದಾಖಲೆಗಳಿವೆ. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಅಮೆರಿಕ, ದಕ್ಷಿಣ ಆಫ್ರಿಕಾ, ಜರ್ಮನಿಗಳಲ್ಲಿ ಸೂರ್ಯಕಾಂತಿ, ಸೋಯಾ ಎಣ್ಣೆಗಳಿಂದ ಟ್ರಾಕ್ಟರ್ ಓಡಿಸುವ ಪ್ರಯೋಗಗಳು ಸಾಲುಸಾಲಾಗಿ ನಡೆದವು. 1982ರ ಆಗಸ್ಟ್‌ನಲ್ಲಿ ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಫಾರ್ಗೊದಲ್ಲಿ ಕೃಷಿ ಎಂಜಿನಿಯರುಗಳು ಒಂದು ಅಂತರರಾಷ್ಟ್ರೀಯ ಸಮ್ಮೇಳನವನ್ನೇ ನಡೆಸಿದರು. ಅಲ್ಲಿ ಮಂಡನೆಯಾದ ಅನುಭವಗಳ ಒಟ್ಟು ಧಾಟಿ ಒಂದೇ ಆಗಿತ್ತು: ಕೆಲವು ಗಂಟೆಗಳ ಪರೀಕ್ಷೆಯಲ್ಲಿ ಎಣ್ಣೆ ಡೀಸೆಲ್ಲಿಗೆ ಸರಿಸಮ, ನೂರಾರು ಗಂಟೆ ದಾಟಿದ ಮೇಲೆ ಕರಕಲು ಕಟ್ಟಿದ ನಾಜಲ್, ಅಂಟಿದ ರಿಂಗು, ದಪ್ಪಗಾದ ಆಯಿಲ್ಲು. ನೇರ ಇಂಜೆಕ್ಷನ್ ಇರುವ ಎಂಜಿನ್ನುಗಳಲ್ಲಿ ಇದು ಬೇಗ. ಸಿಲಿಂಡರಿಗೂ ಮುಂಚಿನ ಸಣ್ಣ ಕೋಣೆಯಲ್ಲಿ ಉರಿ ಶುರುವಾಗುವ ಹಳೆಯ ಮಾದರಿಗಳಲ್ಲಿ ತಡ. ಇಂದಿನ ಲಾರಿಗಳೆಲ್ಲ ಮೊದಲ ಗುಂಪಿನವು.

ಜರ್ಮನರು ಆಮೇಲೂ ಬಿಡಲಿಲ್ಲ. 2001ರಲ್ಲಿ ‘ನೂರು ಟ್ರಾಕ್ಟರ್ ಕಾರ್ಯಕ್ರಮ’ ಎಂದೇ ಹೆಸರಿಟ್ಟು ರೇಪ್‌ಸೀಡ್ ಎಣ್ಣೆಗೆ ಟ್ರಾಕ್ಟರುಗಳನ್ನು ಮಾರ್ಪಡಿಸಿ ರೈತರ ಹೊಲದಲ್ಲಿ ಓಡಿಸಿದರು, ರೋಸ್ಟಾಕ್ ವಿಶ್ವವಿದ್ಯಾಲಯ ಲೆಕ್ಕ ಇಟ್ಟಿತು. ಹಲವು ಟ್ರಾಕ್ಟರುಗಳು ಸಲೀಸಾಗಿ ಓಡಿದವು, ಹಲವಕ್ಕೆ ಪಂಪು, ಇಂಜೆಕ್ಟರ್, ಎಂಜಿನ್ನಿನ ದೊಡ್ಡ ದುರಸ್ತಿ ಬೇಕಾಯಿತು. ಅದರಿಂದ ಕಲಿತದ್ದರ ಫಲವೆಂಬಂತೆ 2006ರಲ್ಲಿ ಇಂಧನದ ರೇಪ್‌ಸೀಡ್ ಎಣ್ಣೆಗೆಂದೇ ಒಂದು ಮಾನಕ ಬಂತು. ನೀರು, ರಂಜಕ, ಆಮ್ಲ, ಕಸ ಇವೆಲ್ಲಕ್ಕೂ ಅದರಲ್ಲಿ ಕಟ್ಟುನಿಟ್ಟಿನ ಮಿತಿ. ಇಷ್ಟೆಲ್ಲ ಎಚ್ಚರ ತಾಜಾ, ಒಂದೇ ಬೆಳೆಯ, ತಣ್ಣಗೆ ಹಿಂಡಿದ ಎಣ್ಣೆಗೆ ಎಂಬುದನ್ನು ಮರೆಯಬಾರದು. ಇವತ್ತು ಪಾಮ್, ನಾಳೆ ಸೂರ್ಯಕಾಂತಿ, ನಾಡಿದ್ದು ಎರಡೂ ಬೆರಕೆ ಎಂಬಂತಿರುವ ಬಂಡಿಯ ಡಬ್ಬಿ ಆ ಪರೀಕ್ಷೆಯ ಬಾಗಿಲಲ್ಲೇ ನಿಲ್ಲುತ್ತದೆ.

ಯಾವ ಎಣ್ಣೆ ಎಂಬುದೂ ಸಣ್ಣ ಪ್ರಶ್ನೆಯಲ್ಲ. ಸೂರ್ಯಕಾಂತಿಯಂಥ ಎಣ್ಣೆ ಚಳಿಯಲ್ಲೂ ತೆಳ್ಳಗಿರುತ್ತದೆ, ಆದರೆ ಬೇಗ ಅಂಟಾಗುತ್ತದೆ. ಪಾಮ್ ಎಣ್ಣೆ ಅಂಟಾಗುವುದು ನಿಧಾನ, ಆದರೆ ಗಟ್ಟಿಯಾಗುವುದು ಬೇಗ. ಎರಡೂ ಗುಣಗಳು ಒಂದೇ ಮೂಲದಿಂದ ಬಂದವು: ಕೊಬ್ಬಿನಾಮ್ಲದ ಸರಪಳಿಯಲ್ಲಿ ಎಷ್ಟು ಕಡೆ ಜೋಡಿಬಂಧಗಳಿವೆ ಎಂಬುದು. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುವಾಗ ಟ್ಯಾಂಕಿನ ಸೂರ್ಯಕಾಂತಿ ಎಣ್ಣೆ ಕೆಡುತ್ತದೆ. ಡಿಸೆಂಬರಿನ ನಸುಕಿನಲ್ಲಿ ಪಾಮ್ ಎಣ್ಣೆಯ ಡಬ್ಬಿ ತುಪ್ಪದಂತೆ ಹರಳುಗಟ್ಟುತ್ತದೆ. ಆ ಹರಳು ಮೊದಲು ಕೂರುವುದು ಫಿಲ್ಟರಿನಲ್ಲಿ, ಬೆಳಗಿನ ಐದಕ್ಕೆ ಹೇರು ಎತ್ತಬೇಕಾದ ಲಾರಿ ಬಿಸಿಲು ಏರುವವರೆಗೆ ಸ್ಟಾರ್ಟ್ ಆಗುವುದಿಲ್ಲ.

ಇದಕ್ಕೆಲ್ಲ ಉಪಾಯ ಇಲ್ಲವೇ? ಇದೆ, ಎರಡು ಟ್ಯಾಂಕಿನ ಉಪಾಯ. ಯುರೋಪ್, ಅಮೆರಿಕಗಳ ಉತ್ಸಾಹಿಗಳು ದಶಕಗಳಿಂದ ಇದನ್ನೇ ಮಾಡುತ್ತಿದ್ದಾರೆ. ಡೀಸೆಲ್ಲಿನಲ್ಲಿ ಸ್ಟಾರ್ಟ್ ಮಾಡಿ, ರೇಡಿಯೇಟರಿನ ಬಿಸಿನೀರಿನಿಂದ ಎಣ್ಣೆಯನ್ನು 70–80 ಡಿಗ್ರಿಗೆ ಕಾಯಿಸಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಎಣ್ಣೆಗೆ ಹೊರಳಿಸಬೇಕು. ನಿಲ್ಲಿಸುವ ಕೆಲವು ನಿಮಿಷ ಮೊದಲು ಮತ್ತೆ ಡೀಸೆಲ್ಲಿಗೆ ಬಂದು ಪಂಪು-ನಾಜಲ್ಲುಗಳನ್ನು ತೊಳೆದುಕೊಳ್ಳಬೇಕು. ಬಿಸಿಯಾದ ಎಣ್ಣೆ ತೆಳ್ಳಗಾಗುತ್ತದೆ. ಆದರೂ ಡೀಸೆಲ್ಲಿಗಿಂತ ಕೆಲವು ಪಟ್ಟು ದಪ್ಪವೇ. ಎಂಜಿನ್ ಆಯಿಲ್ಲನ್ನು ಅರ್ಧ ಅವಧಿಗೇ ಬದಲಿಸಬೇಕು. ವಾರದ ಕೊನೆಯಲ್ಲಿ ತನ್ನ ಹಳೆಯ ಬೆಂಜ್ ಕಾರನ್ನು ಮುದ್ದಿಸುವ ಹವ್ಯಾಸಿಗೆ ಈ ಶಿಸ್ತು ಒಂದು ಸುಖ. ಒಂದೇ ಲಾರಿಗೆ ಇಬ್ಬರು ಚಾಲಕರು, ರಾತ್ರಿ ಓಟ, ದಾರಿಯಲ್ಲಿ ಚಹಾಕ್ಕೆಂದು ಹತ್ತು ಕಡೆ ನಿಲ್ಲುವ ನಮ್ಮ ಸಾಗಣೆಯಲ್ಲಿ ಈ ಸ್ವಿಚ್ಚಿನ ವ್ರತ ಎಷ್ಟು ದಿನ ನಡೆದೀತು?

ಬಿಎಸ್-6 ಲಾರಿಗಳಲ್ಲಂತೂ ಈ ಉಪಾಯಕ್ಕೂ ಜಾಗವಿಲ್ಲ. 2020ರ ಏಪ್ರಿಲ್‌ನಿಂದ ದೇಶದಲ್ಲಿ ಮಾರಾಟವಾದ ಲಾರಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಜಾಲರಿಯೂ ಯೂರಿಯಾ ದ್ರಾವಣದಿಂದ ನೈಟ್ರೋಜನ್ ಆಕ್ಸೈಡ್ ಕೊಲ್ಲುವ ವೇಗವರ್ಧಕವೂ ಕೂತಿವೆ. ಜಾಲರಿ ತುಂಬಿದಾಗ ಅದನ್ನು ಸುಟ್ಟು ಖಾಲಿ ಮಾಡಲು ಅನೇಕ ಎಂಜಿನ್ನುಗಳು ಸಿಲಿಂಡರಿಗೆ ತಡವಾಗಿ, ಉರಿ ಮುಗಿದ ಮೇಲೆ, ಒಂದಿಷ್ಟು ಹೆಚ್ಚು ಇಂಧನ ಚಿಮ್ಮಿಸುತ್ತವೆ. ಡೀಸೆಲ್ ಆದರೆ ಆವಿಯಾಗಿ ಸೈಲೆನ್ಸರಿಗೆ ಹೋಗುತ್ತದೆ. ಅಡುಗೆ ಎಣ್ಣೆಯ ಹೆಚ್ಚಿನ ಪಾಲು ಗೋಡೆ ಹಿಡಿದು ನೇರ ಸಂಪಿಗೆ ಇಳಿಯುತ್ತದೆ. ಎಣ್ಣೆಯ ಉಪ್ಪು, ರಂಜಕಗಳ ಬೂದಿ ಜಾಲರಿಯಲ್ಲೂ ವೇಗವರ್ಧಕದಲ್ಲೂ ಕೂತರೆ ಸುಟ್ಟರೂ ಹೋಗುವುದಿಲ್ಲ. ಕಾಮನ್ ರೈಲ್ ಪಂಪು, ಆರು ಇಂಜೆಕ್ಟರು, ಈ ಸೈಲೆನ್ಸರ್ ಸರಂಜಾಮು ಬದಲಿಸುವ ಬಿಲ್ಲು ಲಕ್ಷ ದಾಟುವುದು ಸುಲಭ, ವಾರಂಟಿಯೂ ಇರುವುದಿಲ್ಲ.

ಇನ್ನು ಲೆಕ್ಕ. ಹೇರು ಹೊತ್ತ ಲಾರಿ ಲೀಟರಿಗೆ ನಾಲ್ಕು ಕಿಲೊಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳಿ. ಸಿಂಧನೂರಿನಿಂದ ಬೆಂಗಳೂರು ಸುಮಾರು 400 ಕಿಲೊಮೀಟರ್, ಅಂದರೆ ನೂರು ಲೀಟರ್ ಬೇಕು. ಒಂದು ಬಂಡಿ ದಿನಕ್ಕೆ ಎರಡು ಲೀಟರ್ ಹಳೆ ಎಣ್ಣೆ ಕೊಟ್ಟರೂ ಒಂದು ಸಲ ಬೆಂಗಳೂರು ಮುಟ್ಟಲು ಐವತ್ತು ಬಂಡಿ ಸುತ್ತಬೇಕು. ಮಿರ್ಚಿ ಪ್ರಿಯರ ಜಿಲ್ಲೆಗೂ ಇದು ಸ್ವಲ್ಪ ಹೆಚ್ಚಾಯಿತು.

ತಮಾಷೆಯ ಪ್ರಸಂಗಗಳೂ ಇಲ್ಲದಿಲ್ಲ. 2002ರಲ್ಲಿ ಬ್ರಿಟನ್ನಿನ ವೇಲ್ಸ್‌ನ ಒಂದು ಸೂಪರ್‌ಮಾರ್ಕೆಟ್ಟಿನಲ್ಲಿ ಅಡುಗೆ ಎಣ್ಣೆ ಇದ್ದಕ್ಕಿದ್ದಂತೆ ಅತಿಯಾಗಿ ಬಿಕರಿಯಾಗತೊಡಗಿತು. ಜನ ಅದನ್ನು ಕಾರಿಗೆ ಸುರಿದು ಇಂಧನ ತೆರಿಗೆ ತಪ್ಪಿಸುತ್ತಿದ್ದರು. ಅಧಿಕಾರಿಗಳು ರಸ್ತೆಯಲ್ಲಿ ನಿಂತು, ಕರಿದ ತಿಂಡಿಯ ವಾಸನೆ ಬರುವ ಕಾರುಗಳನ್ನು ತಡೆದು ದಂಡ ಹಾಕಿದರು. ಭಾರತದಲ್ಲೂ ರಸ್ತೆ ವಾಹನಕ್ಕೆ ಮಾನ್ಯವಾದ ಇಂಧನಗಳ ಪಟ್ಟಿಯಲ್ಲಿ ಕರಿದ ಎಣ್ಣೆ ಇಲ್ಲ. 2019ರ ಕೇಂದ್ರದ ಮಾರ್ಗಸೂಚಿ ಡೀಸೆಲ್ಲಿಗೆ ಬೆರೆಸಲು ಒಪ್ಪುವುದು ಮಾನಕಕ್ಕೆ ತಕ್ಕ ಬಯೋಡೀಸೆಲ್ಲನ್ನು ಮಾತ್ರ. ಬಯೋಡೀಸೆಲ್ ಎಂಬ ಹೆಸರಿನಲ್ಲಿ ಕಂಡಕಂಡ ಎಣ್ಣೆ ಮಾರುವ ದಂಧೆಯ ಮೇಲೆ 2020–21ರಲ್ಲಿ ಗುಜರಾತಿನಲ್ಲಿ ದೊಡ್ಡ ದಾಳಿಗಳೇ ನಡೆದವು.

ಹಾಗೆಂದು ಡಬ್ಬಿಯ ಎಣ್ಣೆ ವ್ಯರ್ಥವಲ್ಲ. ಅದರ ಅಣುವನ್ನೇ ಒಡೆದರೆ ಹೆಚ್ಚಿನ ಜಗಳ ಮುಗಿಯುತ್ತದೆ. ಬ್ರಸೆಲ್ಸ್ ವಿಶ್ವವಿದ್ಯಾಲಯದ ಶಾವಾನ್ 1937ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಮರುವರ್ಷ ಪಾಮ್ ಎಣ್ಣೆಯಿಂದ ಹೀಗೆ ಮಾಡಿದ ಇಂಧನದಲ್ಲಿ ಬ್ರಸೆಲ್ಸ್–ಲುವೆನ್ ನಡುವೆ ಒಂದು ಬಸ್ಸು ಓಡಿತು. ಆತ ಬಳಸಿದ್ದು ಎಥನಾಲ್, ಇಂದು ಹೆಚ್ಚಾಗಿ ಮೆಥನಾಲ್. ನೂರು ಕಿಲೊ ಎಣ್ಣೆಗೆ ಸುಮಾರು ಹತ್ತು ಕಿಲೊ ಮೆಥನಾಲ್, ಒಂದಿಷ್ಟು ಕಾಸ್ಟಿಕ್ ಸೋಡಾ ಸೇರಿಸಿ ಕಲಕಿದರೆ ಗ್ಲಿಸರಿನ್ ಕೆಳಗೆ ಕೂತು, ಮೇಲೆ ಡೀಸೆಲ್ಲಿನಷ್ಟೇ ತೆಳ್ಳನೆಯ ಬಯೋಡೀಸೆಲ್ ನಿಲ್ಲುತ್ತದೆ. ಅದರ ಸ್ನಿಗ್ಧತೆ 3.5ರಿಂದ 5 ಇರಬೇಕೆಂದು ಭಾರತೀಯ ಮಾನಕ 15607 ಹೇಳುತ್ತದೆ. ಓದಲು ಸುಲಭ, ಆದರೆ ಮನೆಯ ಹಿತ್ತಲಿನಲ್ಲಿ ಮಾಡುವ ಕೆಲಸ ಇದಲ್ಲ. ಮೆಥನಾಲ್ ಕುಡಿದರೆ, ಉಸಿರಾಡಿದರೆ, ಚರ್ಮಕ್ಕೆ ಇಂಗಿದರೂ ವಿಷ. ಹಗಲಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದಿಲ್ಲ. ಕರಿದ ಎಣ್ಣೆಯಲ್ಲಿ ಬಿಡಿ ಆಮ್ಲ ಹೆಚ್ಚಿದ್ದರೆ ಸೋಡಾ ಅದರೊಡನೆ ಸೇರಿ ಇಡೀ ಪೀಪಾಯಿ ಸಾಬೂನಿನ ಗಂಜಿಯಾಗುತ್ತದೆ.

ಹಳೆ ಎಣ್ಣೆ ಸರಿಯಾದ ಘಟಕದಲ್ಲಿ ಬಯೋಡೀಸೆಲ್ ಆಗಲು ಸರ್ಕಾರ ದಾರಿ ಮಾಡಿದೆ. ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈಯಿಂದ, ಕರಿದು ಕೆಟ್ಟ ಅಂಶ ಶೇಕಡ 25 ದಾಟಿದ ಎಣ್ಣೆಯನ್ನು ಅಡುಗೆಗೆ ಮತ್ತೆ ಬಳಸಬಾರದೆಂದು ನಿಯಮ ತಂದಿತು. ಅದೇ ವರ್ಷದ ಆಗಸ್ಟ್‌ನಲ್ಲಿ ರೂಕೊ ಎಂಬ ಹೆಸರಿನಲ್ಲಿ, ಹಳೆ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ಘಟಕಗಳಿಗೆ ಕಳಿಸುವ ಯೋಜನೆ ಶುರುಮಾಡಿತು. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು 2019ರ ಮಾರ್ಚ್‌ನಿಂದ ಲೆಕ್ಕ ಇಡಬೇಕು. 2019ರ ಆಗಸ್ಟ್ 10ರಂದು ಸಾರ್ವಜನಿಕ ತೈಲ ಕಂಪನಿಗಳು ಇಂಥ ಬಯೋಡೀಸೆಲ್ಲನ್ನು ಮೊದಲ ವರ್ಷ ಲೀಟರಿಗೆ 51 ರೂಪಾಯಿಯಂತೆ ಕೊಳ್ಳುವ ಯೋಜನೆ ಪ್ರಕಟಿಸಿದವು. ತಾಲ್ಲೂಕಿನ ಬಂಡಿಗಳವರೆಗೆ ಈ ಜಾಲ ಇನ್ನೂ ಇಳಿಯಬೇಕು. ಈಗ ಆ ಎಣ್ಣೆ ಗಟಾರ ಸೇರುತ್ತದೆ, ಇಲ್ಲವೇ ಅಗ್ಗದ ಬೆಲೆಗೆ ಇನ್ನೊಂದು ಬಾಣಲೆ ಸೇರುತ್ತದೆ. ಎರಡನೆಯದು ಲಾರಿ ಕೆಡುವುದಕ್ಕಿಂತ ದೊಡ್ಡ ಕೇಡು.

ಮಸ್ಕಿ-ಸಿಂಧನೂರಿನ ಓದುಗರಿಗೆ ಕೆಲವು ಮಾತು. ಹಳೆಯ, ನಿಧಾನ ವೇಗದ ಒಂದು ಸಿಲಿಂಡರಿನ ಎಂಜಿನ್ ಹೊಲದಲ್ಲಿ ನಿಂತಿದ್ದರೆ, ಚೆನ್ನಾಗಿ ಸೋಸಿದ ಹೊಂಗೆ ಎಣ್ಣೆಯ ಪ್ರಯೋಗಕ್ಕೆ ಅದು ತಕ್ಕದ್ದು. ನಾಜಲ್ ಬಿಚ್ಚಿ ತೊಳೆಯುವ ತಾಳ್ಮೆ ಮಾತ್ರ ಬೇಕು. ಸಾಲ ತೀರದ ಬಿಎಸ್-6 ಲಾರಿಯನ್ನು ಇದಕ್ಕೆ ಒಡ್ಡಬೇಡಿ. ಎಣ್ಣೆ ಒರೆಸಿದ ಬಟ್ಟೆಗಳನ್ನು ಕ್ಯಾಬಿನ್ನಿನ ಮೂಲೆಯಲ್ಲಿ ಮುದ್ದೆಮಾಡಿ ತುರುಕಬೇಡಿ, ಬೇಸಿಗೆಯಲ್ಲಿ ಅವು ತಾವಾಗಿಯೇ ಕಾದು ಹೊತ್ತಿಕೊಳ್ಳಬಲ್ಲವು. ಕೊಂಡ ಹಳೆ ಗಾಡಿಗೆ ಹಿಂದಿನ ಮಾಲೀಕ ಏನು ಸುರಿದಿದ್ದನೋ ಎಂಬ ಅನುಮಾನವಿದ್ದರೆ ದಿನಾ ಬೆಳಗ್ಗೆ ಡಿಪ್‌ಸ್ಟಿಕ್ ಎಳೆದು ನೋಡಿ. ಹಾಕದಿದ್ದರೂ ಎಂಜಿನ್ ಆಯಿಲ್ಲಿನ ಮಟ್ಟ ಏರಿದ್ದರೆ, ಇಲ್ಲವೇ ಬೆರಳಿಗೆ ಅಂಟು ಅಂಟಾಗಿ ಬಂದರೆ, ಸ್ಟಾರ್ಟ್ ಮಾಡಬೇಡಿ. ಗಾಡಿಯನ್ನು ಗ್ಯಾರೇಜಿಗೆ ಒಯ್ಯುವ ಬದಲು ಮೆಕ್ಯಾನಿಕ್‌ನನ್ನೇ ಗಾಡಿಯ ಬಳಿಗೆ ಕರೆಸಿ.